ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆಯುತ್ತಿದೆಯೇ?

ಶಿರಸಿ ಕಡೆ ಅಡಿಕೆ ರಸೀದಿಗೆ ಪೈಥಾನ್‌ನಲ್ಲಿ ಪಿಡಿಎಫ್ ಮಾಡುವವರಿಗೆ ಒಂದು ಸಲಹೆ. ಅಡಿಕೆಯ ಒಂದು ವಿಧ ‘ಬೆಟ್ಟೆ’ ಅಂತ ಬರೆದರೆ ‘ಬೆಟ್‌ಟೆ’ ಅಂತ ಪ್ರಿಂಟ್ ಆಗುತ್ತದೆ, ಅಲ್ವಾ? ಸುಮ್ನೆ ಫಾಂಟ್ ಬದಲಿಸುತ್ತಾ ಕೂರಬೇಡಿ. ಫಾಂಟ್‌ನಲ್ಲಿ ಒತ್ತು ಇದ್ದೇ ಇರುತ್ತದೆ, ಅದನ್ನು ಜೋಡಿಸುವ ಶೇಪಿಂಗ್ ಆಗಿರುವುದಿಲ್ಲ ಅಷ್ಟೇ.

ಪಿಡಿಎಫ್ ಮಾಡುವ ಪೈಥಾನ್ ಲೈಬ್ರರಿ ಎಫ್‌ಪಿಡಿಎಫ್2 ಜೊತೆ, ಶೇಪಿಂಗ್ ಮಾಡುವ ಯುಹಾರ್ಫ್‌ಬಝ್ ಲೈಬ್ರರಿಯನ್ನೂ ಇನ್‌ಸ್ಟಾಲ್ ಮಾಡಿ. ಆಡ್ ಫಾಂಟ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಎಂಬ ಫಾಂಟ್‌ನ ಟಿಟಿಎಫ್ ಫೈಲ್ ಕೊಟ್ಟು, ಸೆಟ್ ಫಾಂಟ್ ಆದ ಮೇಲೆ ಸೆಟ್ ಟೆಕ್ಸ್ಟ್ ಶೇಪಿಂಗ್ ಫಂಕ್ಷನ್‌ಗೆ ಟ್ರೂ ಕೊಡಿ. ಒತ್ತು ಸರಿಯಾಗಿ ಕೆಳಗೆ ಕೂರುತ್ತದೆ. ಬಳಸಿದ ಅಕ್ಷರಗಳು ಪಿಡಿಎಫ್ ಒಳಗೇ ಸೇರುವುದರಿಂದ ಪ್ರಿಂಟ್ ಅಂಗಡಿಯಲ್ಲಿ ಆ ಫಾಂಟ್ ಇಲ್ಲದಿದ್ದರೂ ನಡೆಯುತ್ತದೆ.

ಚಾಲಿ, ರಾಶಿ ಅಂತ ಅಡಿಕೆ ವಿಧಗಳ ಪಟ್ಟಿ ಉದ್ದವಾದರೆ ಒಂದೊಂದು ಸೆಲ್‌ನ ಜಾಗ ಲೆಕ್ಕ ಹಾಕುವುದಕ್ಕಿಂತ ಟೇಬಲ್ ಫಂಕ್ಷನ್ ವಾಸಿ. ಪ್ರತಿ ಪುಟದಲ್ಲೂ ತಲೆಸಾಲು ತಾನೇ ಬರುತ್ತದೆ.