ಊಟ ಮುಗಿಸಿ ಬಂದರೆ ಸ್ಟಾರ್ಟ್ ಆಗದ ಕಾರು: ಹಳೆಯ 230ಇ ಜೊತೆ ನನ್ನ ಅನುಭವ

ನನ್ನ ಬಳಿ 1983ರ ಮರ್ಸಿಡಿಸ್ 230ಇ ಇದೆ, ಡಬ್ಲ್ಯು123 ಮಾದರಿಯದು. ಕೊಲ್ಲಿ ದೇಶದಿಂದ ಮರಳಿದ ಕುಟುಂಬವೊಂದು ಜೊತೆಗೆ ತಂದಿದ್ದ ಈ ಕಾರನ್ನು ನಾನು ಬೆಂಗಳೂರಿನಲ್ಲಿ ಕೊಂಡೆ. ಬೆಳಗಿನ ಹೊತ್ತು ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತಿದ್ದ ಕಾರು, ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಗೆ ಹೊರಟ ದಿನ ಹಿರಿಯೂರಿನ ಬಳಿ ಕೈಕೊಟ್ಟಿತು. ಊಟಕ್ಕೆಂದು ನಿಲ್ಲಿಸಿ ಅರ್ಧ ಗಂಟೆಯ ನಂತರ ಬಂದರೆ, ಸೆಲ್ಫ್ ಎಷ್ಟು ಹೊಡೆದರೂ ಎಂಜಿನ್ ಹತ್ತಲಿಲ್ಲ. ಅಲ್ಲಿದ್ದ ಹಿರಿಯ ಚಾಲಕರೊಬ್ಬರು ಬಾನೆಟ್ ಎತ್ತಿಸಿ, ಇಂಧನ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಎಂದರು. ಅಂಬಾಸಿಡರ್, ಪದ್ಮಿನಿಗಳಲ್ಲಿ ಅದು ನಿಜಕ್ಕೂ ಕೆಲಸ ಮಾಡುತ್ತಿದ್ದ ಉಪಾಯ. ಆ ಕಾರುಗಳ ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು; ಬಿಸಿಗೆ ಅಲ್ಲಿ ಪೆಟ್ರೋಲ್ ಆವಿಯಾದರೆ ಪಂಪು ಅದನ್ನು ತಳ್ಳಲಾರದು, ತಂಪು ಮಾಡಿದರೆ ಸರಿಹೋಗುತ್ತಿತ್ತು. ನನ್ನ ಕಾರಿನ ಬಾನೆಟ್ ಕೆಳಗೆ ಪಂಪೇ ಇಲ್ಲ. ಎರಡು ಗಂಟೆ ಕಾದ ಮೇಲೆ ಕಾರು ತಾನಾಗಿಯೇ ಸ್ಟಾರ್ಟ್ ಆಯಿತು.

ಈ ಕಾರಿನಲ್ಲಿರುವುದು ಬಾಷ್ ಕಂಪನಿ 1973ರಲ್ಲಿ ಬಳಕೆಗೆ ತಂದ ಕೆ-ಜೆಟ್ರಾನಿಕ್ ವ್ಯವಸ್ಥೆ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರುಗಳ ಮೂಲಕ ಪೆಟ್ರೋಲ್ ಸಿಂಪಡಿಸುವ ಏರ್ಪಾಡು. ಬಲ ಹಿಂಚಕ್ರದ ಮುಂದೆ, ಕಾರಿನ ಅಡಿಯಲ್ಲಿ, ವಿದ್ಯುತ್ ಪಂಪು, ಫಿಲ್ಟರ್ ಮತ್ತು ಅಕ್ಯುಮ್ಯುಲೇಟರ್ ಎಂಬ ಸಣ್ಣ ಡಬ್ಬಿ ಒಂದೇ ಕಡೆ ಕೂತಿರುತ್ತವೆ. ಪಂಪು ಸುಮಾರು 5 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ, ಎಂಜಿನ್ನಿಗೆ ಬೇಡವಾದದ್ದು ಟ್ಯಾಂಕಿಗೆ ಮರಳುತ್ತದೆ. ಓಡುವಾಗ ಈ ಹರಿವೇ ಕೊಳವೆಗಳನ್ನು ತಂಪಾಗಿಡುತ್ತದೆ. ಎಂಜಿನ್ ಆರಿಸಿದ ಮೇಲೆ ಹರಿವೂ ಇಲ್ಲ, ಗಾಳಿಯೂ ಇಲ್ಲ. ಬಾನೆಟ್ ಒಳಗಿನ ಶಾಖ ಮೊದಲ ಅರ್ಧ ಗಂಟೆಯಲ್ಲಿ ಏರುತ್ತದೆ. ಆಗ ಪೆಟ್ರೋಲ್ ಕುದಿಯದಂತೆ ತಡೆಯುವುದು ಕೊಳವೆಯಲ್ಲಿ ಉಳಿದ ಒತ್ತಡ ಮಾತ್ರ, ಕುಕ್ಕರಿನೊಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದಿರುವ ಹಾಗೆ. ಆ ಒತ್ತಡವನ್ನು ಕಾಯುವವು ಎರಡು: ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ಪಂಪಿನ ಹೊರದ್ವಾರದಲ್ಲಿ ತಡೆಯುವ ಚೆಕ್ ವಾಲ್ವ್ ಮತ್ತು ಒಳಗಿನ ಪೊರೆ, ಸ್ಪ್ರಿಂಗುಗಳಿಂದ ಒತ್ತಡವನ್ನು ಹಿಡಿದಿಡುವ ಅಕ್ಯುಮ್ಯುಲೇಟರ್. ಆದ್ದರಿಂದ ನಾನು ಹುಡುಕಬೇಕಾದದ್ದು ಶಾಖ ಎಲ್ಲಿಂದ ಬರುತ್ತಿದೆ ಎಂಬುದನ್ನಲ್ಲ, ಒತ್ತಡ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು.

ಇದು ಅರ್ಥವಾಗುವ ಮೊದಲು ಕಾರನ್ನು ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಅಲ್ಲಿ ಯಾವುದನ್ನೂ ಅಳೆಯದೆ ಪಂಪನ್ನು ಬದಲಿಸಿದರು; ಜೊತೆಗೆ, ಸ್ಟಾರ್ಟ್ ಮಾಡುವ ಮುನ್ನ ಪಂಪು ಓಡಲಿ ಎಂದು ರಿಲೇಯನ್ನು ಬದಿಗಿಟ್ಟು ನೇರ ಸ್ವಿಚ್ಚೊಂದನ್ನು ಹಾಕಿದರು. ಎಂಜಿನ್ ನಿಂತ ಕೂಡಲೇ ಪಂಪನ್ನೂ ನಿಲ್ಲಿಸುವುದು ಆ ರಿಲೇಯ ಕೆಲಸ. ಅದಿಲ್ಲದಿದ್ದರೆ, ಅಪಘಾತದಲ್ಲಿ ಕೊಳವೆ ಒಡೆದಾಗಲೂ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಆ ಸ್ವಿಚ್ಚನ್ನು ಅದೇ ವಾರ ಕಿತ್ತೆಸೆದೆ. ಹಳೆಯ ಕಾರಿಗೆ ಇಂಥದ್ದನ್ನು ಯಾರೂ ಹಾಕಿಸಿಕೊಳ್ಳಬಾರದು.

ನಂತರ ಕವಾಟವಿರುವ ಒತ್ತಡದ ಗೇಜನ್ನು ತರಿಸಿಕೊಂಡು, ಇಂಧನ ಹಂಚುವ ಭಾಗಕ್ಕೂ ವಾರ್ಮ್-ಅಪ್ ರೆಗ್ಯುಲೇಟರಿಗೂ (ಪೆಟ್ರೋಲಿನ ಪ್ರಮಾಣವನ್ನು ತಿದ್ದುವ ‘ನಿಯಂತ್ರಣ ಒತ್ತಡ’ವನ್ನು ಎಂಜಿನ್ನಿನ ಬಿಸಿಗೆ ತಕ್ಕಂತೆ ಹೊಂದಿಸುವ ಭಾಗ) ನಡುವೆ ಜೋಡಿಸಿದೆ. ಕೆಲಸವನ್ನು ಬೆಳಗಿನ ತಂಪಿನಲ್ಲಿ, ಬಯಲಲ್ಲಿ, ಬೆಂಕಿ ಆರಿಸುವ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಿದೆ. ಎಂಜಿನ್ ಬಿಸಿಯಾದ ಮೇಲೆ ವ್ಯವಸ್ಥೆಯ ಒತ್ತಡ 5.2 ಬಾರ್, ನಿಯಂತ್ರಣ ಒತ್ತಡ 3.6 ಬಾರ್ ಇತ್ತು, ಎರಡೂ ಸರಿಯೇ. ಆರಿಸಿದಾಗ ಮುಳ್ಳು 3 ಬಾರಿಗೆ ಇಳಿಯಿತು. ಇಂಜೆಕ್ಟರುಗಳು ತೊಟ್ಟಿಕ್ಕಬಾರದೆಂದರೆ ಅಷ್ಟು ಇಳಿಯಲೇಬೇಕು. ಆದರೆ ಅಲ್ಲಿ ನಿಲ್ಲಬೇಕಾದ ಮುಳ್ಳು ನಾಲ್ಕೇ ನಿಮಿಷದಲ್ಲಿ ಸೊನ್ನೆ ಮುಟ್ಟಿತು.

ಸೋರಿಕೆಯ ದಾರಿ ಹಿಡಿಯಲು ಒಂದೊಂದಾಗಿ ಬಾಗಿಲು ಮುಚ್ಚುತ್ತಾ ಹೋದೆ. ಆರಿಸಿದ ತಕ್ಷಣ ಮರಳುವ ಹೋಸನ್ನು ಕ್ಲ್ಯಾಂಪಿನಿಂದ ಅದುಮಿದರೂ ಒತ್ತಡ ಇಳಿಯಿತು. ಅಂದರೆ ಹೆಚ್ಚಾದ ಪೆಟ್ರೋಲನ್ನು ಆ ಹೋಸಿಗೆ ಬಿಡುವ ಒತ್ತಡದ ರೆಗ್ಯುಲೇಟರ್ ತಪ್ಪಿತಸ್ಥನಲ್ಲ. ಟ್ಯಾಂಕಿನಿಂದ ಪಂಪಿಗೆ ಬರುವ ಹೋಸನ್ನು ಅದುಮಿದಾಗ ಮುಳ್ಳು ನಿಂತಿತು. ಆದ್ದರಿಂದ ಪೆಟ್ರೋಲ್ ಹಿಂದಕ್ಕೇ ಹರಿಯುತ್ತಿತ್ತು, ಚೆಕ್ ವಾಲ್ವಿನ ಮೂಲಕವೋ ಅಕ್ಯುಮ್ಯುಲೇಟರಿನ ಹರಿದ ಪೊರೆಯ ಮೂಲಕವೋ. ಅಕ್ಯುಮ್ಯುಲೇಟರಿನ ಹಿಂಬದಿಯ ಸಣ್ಣ ಹೋಸನ್ನು ಬಿಚ್ಚಿ ನೋಡಿದೆ. ಒಂದು ಹನಿಯೂ ಬರಲಿಲ್ಲ. ಉಳಿದದ್ದು ಚೆಕ್ ವಾಲ್ವ್. ಹೊಸ ಪಂಪಿನ ಜೊತೆ ಬಂದಿದ್ದ ಆ ವಾಲ್ವ್ ಕಳಪೆಯದಾಗಿತ್ತು. ಅದು ಬೇರೆಯಾಗಿಯೇ ಸಿಗುವ, ತಿರುಪಿ ಕೂರಿಸುವ ಭಾಗ. ಪಂಪನ್ನು ಮುಟ್ಟದೆ, ಹೊಸ ತಾಮ್ರದ ವಾಷರುಗಳೊಂದಿಗೆ ಒಳ್ಳೆಯ ವಾಲ್ವ್ ಹಾಕಿದೆ. ಅರ್ಧ ಗಂಟೆಯ ನಂತರವೂ ಗೇಜು 2.6 ಬಾರ್ ತೋರಿಸುತ್ತಿತ್ತು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮೇ ತಿಂಗಳಲ್ಲಿ ಟ್ಯಾಂಕು ಕಾಲುಭಾಗಕ್ಕಿಂತ ಕೆಳಗಿಳಿದಾಗಲೆಲ್ಲ ಪಂಪು ಊಳಿಡತೊಡಗಿತು, ಏರಿನಲ್ಲಿ ಎಂಜಿನ್ ತಡವರಿಸಿತು. ಇದು ಬೇರೆಯೇ ದೋಷ. ಎಂಜಿನ್ನಿನ ಬಿಸಿಯನ್ನು ಹೊತ್ತು ಮರಳುವ ಪೆಟ್ರೋಲು, ಟ್ಯಾಂಕಿನಲ್ಲಿ ಕಡಿಮೆ ಇದ್ದಷ್ಟೂ ಬೇಗ ಬಿಸಿಯಾಗುತ್ತದೆ. ಪಂಪು ಅದನ್ನು ಎಳೆಯುವ ಜಾಗದಲ್ಲಿ ಒತ್ತಡ ಕಡಿಮೆಯಾದ್ದರಿಂದ ಗುಳ್ಳೆಗಳು ಅಲ್ಲೇ ಏಳುತ್ತವೆ. ಪೆಟ್ರೋಲಿನಿಂದಲೇ ತಂಪಾಗುವ ಪಂಪು ಗುಳ್ಳೆ ನುಂಗಿದರೆ ತಾನೂ ಬಿಸಿಯೇರಿ ಬೇಗ ಸವೆಯುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುತ್ತದೆ ಎಂಬುದನ್ನೂ ನೆನಪಿಡಬೇಕು.

ಮರಳುವ ಹೋಸನ್ನು ಅಳತೆಯ ಪಾತ್ರೆಗೆ ಬಿಟ್ಟು ನೋಡಿದಾಗ, 40 ಸೆಕೆಂಡಿನೊಳಗೆ ಬರಬೇಕಾದ ಒಂದು ಲೀಟರಿಗೆ 58 ಸೆಕೆಂಡು ಹಿಡಿಯಿತು. ಪಂಪಿನ ಬಾಯಲ್ಲಿ ವೋಲ್ಟೇಜ್ 10.4 ಮಾತ್ರ. ಅರ್ತ್ ತಂತಿಯ ಕಿಲುಬನ್ನು ಉಜ್ಜಿ ಬಿಗಿದ ಮೇಲೆ 11.8ಕ್ಕೆ ಏರಿತು. ಆಮೇಲೆ ಟ್ಯಾಂಕು ಖಾಲಿ ಮಾಡಿ ತಳದ ಜಾಲರಿಯನ್ನು ಬಿಚ್ಚಿದರೆ, ತುಕ್ಕು ಮತ್ತು ಕರಗಿದ ರಬ್ಬರಿನ ಕಪ್ಪು ಹಿಟ್ಟು ಸೇರಿ ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡಿತ್ತು. ಜಾಲರಿ, ಫಿಲ್ಟರ್ ಮತ್ತು ಎಳೆಯುವ ಬದಿಯ ಹೋಸುಗಳನ್ನು, ಎಥನಾಲ್ ತಡೆಯುವ ದರ್ಜೆಯವನ್ನೇ ಆರಿಸಿ ಬದಲಿಸಿದೆ. ಒಂದು ಲೀಟರಿಗೆ ಈಗ 34 ಸೆಕೆಂಡು.

ಮರುವರ್ಷ ಅದೇ ಏಪ್ರಿಲ್, ಅದೇ ಹಿರಿಯೂರು. ಊಟ ಮುಗಿಸಿ ನಲವತ್ತು ನಿಮಿಷದ ನಂತರ ಕೀ ತಿರುಗಿಸಿದೆ. ಎಂಜಿನ್ ಎರಡನೇ ಸುತ್ತಿಗೇ ಹತ್ತಿತು. ಬೇಸಿಗೆಯಲ್ಲಿ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಈಗಲೂ ಬಿಡುವುದಿಲ್ಲ, ಡಿಕ್ಕಿಯಲ್ಲಿ ಒಂದು ಹೆಚ್ಚಿನ ಪಂಪ್ ರಿಲೇಯನ್ನೂ ಇಟ್ಟುಕೊಂಡಿದ್ದೇನೆ.