ಈರುಳ್ಳಿಯಿಂದ ಶುರು ಮಾಡೋ ವಿದೇಶಾಂಗ ಪಾಠ

ವಿದೇಶಾಂಗ ಸೇವೆಯಿಂದ ನಿವೃತ್ತಿಯಾದ ಮೇಲೆ ಚಿಕ್ಕಬಳ್ಳಾಪುರದ ಒಂದು ಪದವಿ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡುತ್ತಿದ್ದೇನೆ. ಪಾಠದ ಹುಚ್ಚು ಸರ್ವಿಸ್‌ನಲ್ಲಿ ಇದ್ದಾಗಲೇ ಹತ್ತಿತ್ತು. ದೆಹಲಿಯಲ್ಲಿ ಪೋಸ್ಟಿಂಗ್ ಇದ್ದಾಗಲೆಲ್ಲ ಹೊಸದಾಗಿ ಸೇರಿದವರಿಗೆ ಕಾನ್ಸುಲರ್ ಕೆಲಸದ ಬಗ್ಗೆ, ಅಂದರೆ ವಿದೇಶದಲ್ಲಿರೋ ನಮ್ಮವರ ಪಾಸ್‌ಪೋರ್ಟ್, ಕಷ್ಟಸುಖ ನೋಡೋ ಕೆಲಸದ ಬಗ್ಗೆ ಕ್ಲಾಸ್ ತೆಗೆದುಕೊಳ್ಳುತ್ತಿದ್ದೆ. ವಿದೇಶಾಂಗ ಸೇವೆಗೆ ಹೇಗೆ ಹೋಗೋದು, ಕ್ಲಾಸಲ್ಲಿ ಏನು ಮಾಡಿಸ್ತೀರಿ ಅಂತ ಸಿಕ್ಕವರೆಲ್ಲ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ದಾರಿ ಮೊದಲು ಹೇಳಿಬಿಡುತ್ತೇನೆ. ಐಎಎಸ್, ಐಪಿಎಸ್‌ಗೆ ಇರೋ ಯುಪಿಎಸ್‌ಸಿ ಪರೀಕ್ಷೆಯೇ ಇದಕ್ಕೂ. ಮೇನ್ಸ್ ಉತ್ತರ ಕನ್ನಡದಲ್ಲೇ ಬರೆಯಬಹುದು, ಇಂಟರ್‌ವ್ಯೂನೂ ಕನ್ನಡದಲ್ಲೇ ಕೊಡಬಹುದು, ಇಂಗ್ಲಿಷ್ ಪತ್ರಿಕೆ ಒಂದರಲ್ಲಿ ಪಾಸಾದರೆ ಸಾಕು. ಇದು ನಮ್ಮ ಕಡೆ ಹುಡುಗರಿಗೆ ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ. ಆಯ್ಕೆಯಾದ ಮೇಲೆ ಮಸ್ಸೂರಿಯಲ್ಲಿ ಫೌಂಡೇಶನ್ ಕೋರ್ಸ್, ಆಮೇಲೆ ದೆಹಲಿಯ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ತರಬೇತಿ. 2020ರಿಂದ ಆ ಸಂಸ್ಥೆಗೆ ಸುಷ್ಮಾ ಸ್ವರಾಜ್ ಅವರ ಹೆಸರಿದೆ. ಅದು ಮುಗಿದ ಮೇಲೆ ಒಂದು ವಿದೇಶಿ ಭಾಷೆ ಕೊಟ್ಟು, ಆ ಭಾಷೆ ಕಲಿಯೋ ದೇಶಕ್ಕೆ ಥರ್ಡ್ ಸೆಕ್ರೆಟರಿಯಾಗಿ, ಅಂದರೆ ರಾಯಭಾರ ಕಚೇರಿಯ ಕಿರಿಯ ಅಧಿಕಾರಿಯಾಗಿ ಕಳಿಸುತ್ತಾರೆ. ಭಾಷೆಯ ಪರೀಕ್ಷೆ ಪಾಸಾಗದೆ ಕೆಲಸ ಖಾಯಂ ಆಗಲ್ಲ. ನನಗೆ ಬಂದಿದ್ದು ಅರೇಬಿಕ್, ಕಲಿತಿದ್ದು ಕೈರೋದಲ್ಲಿ.

ರಾಯಭಾರಿ ಅಂದರೆ ಸೂಟು, ಔತಣಕೂಟ ಅಂತ ಜನ ಅಂದುಕೊಳ್ಳುತ್ತಾರೆ. ನಿಜವಾಗಿ ಇದು ಬರೆಯೋ ಕೆಲಸ. ಅಲ್ಲಿನ ವಿದೇಶಾಂಗ ಕಚೇರಿಯಲ್ಲಿ ಯಾರನ್ನಾದರೂ ಭೇಟಿಯಾಗಿ ಬಂದರೆ ಅವತ್ತೇ ಸಂಜೆ ಮಾತುಕತೆಯ ದಾಖಲೆ ಬರೆದು ದೆಹಲಿಗೆ ಕಳಿಸಬೇಕು. ನನ್ನ ಮೊದಲ ಮೇಲಧಿಕಾರಿ ಹೇಳಿಕೊಟ್ಟಿದ್ದು ಇಷ್ಟೇ: ಅವರು ಹೇಳಿದ್ದು ಮೊದಲು, ನಾವು ಹೇಳಿದ್ದು ಆಮೇಲೆ, ನಿನ್ನ ಅಭಿಪ್ರಾಯ ಕೊನೆಗೆ, ಅದೂ ಬೇರೆ ಪ್ಯಾರಾದಲ್ಲಿ. ಯಾಕೆ ಅಂದರೆ ದೆಹಲಿಯಲ್ಲಿ ಕೂತು ತೀರ್ಮಾನ ತೆಗೆದುಕೊಳ್ಳುವವರು ಆ ಕೋಣೆಯಲ್ಲಿ ಇರಲಿಲ್ಲ, ಅವರ ಕೈಗೆ ಸಿಗೋದು ಈ ಎರಡು ಪುಟ ಮಾತ್ರ, ಅದರಲ್ಲಿ ನನ್ನ ಆಸೆ, ನನ್ನ ಸಿಟ್ಟು ಬೆರೆತುಹೋದರೆ ಅವರು ತಪ್ಪು ದೇಶದ ಜೊತೆ ಮಾತಾಡುತ್ತಿರುತ್ತಾರೆ.

ಗಲ್ಫ್‌ನಲ್ಲಿ ಇದ್ದಾಗ ಇದರ ಬೆಲೆ ಗೊತ್ತಾಯಿತು. ಅಲ್ಲಿ ಕಾನ್ಸುಲರ್ ವಿಭಾಗಕ್ಕೆ ಬರೋರು ಕೂಲಿ ಕಾರ್ಮಿಕರು, ಡ್ರೈವರ್‌ಗಳು, ಮನೆಗೆಲಸದ ಹೆಂಗಸರು. ಪಾಸ್‌ಪೋರ್ಟ್ ಮಾಲೀಕನ ಹತ್ತಿರ, ಸಂಬಳ ಬಾಕಿ, ಊರಲ್ಲಿ ಸಾಲ. ಜೈಲಿಗೂ ಹೋಗುತ್ತಿದ್ದೆ. ಕಾನ್ಸುಲರ್ ಸಂಬಂಧಗಳ ಬಗ್ಗೆ ದೇಶಗಳು ಮಾಡಿಕೊಂಡಿರೋ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ, ವಿದೇಶದಲ್ಲಿ ಬಂಧನವಾದ ನಮ್ಮವರನ್ನು ನೋಡೋಕೆ, ಮಾತಾಡಿಸೋಕೆ, ವಕೀಲರನ್ನು ಗೊತ್ತು ಮಾಡೋಕೆ ನಮಗೆ ಹಕ್ಕಿದೆ. ಗೂಢಚಾರಿಕೆ ಆರೋಪದ ಮೇಲೆ ಪಾಕಿಸ್ತಾನ ಬಂಧಿಸಿದ ನಮ್ಮ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನ ಇದನ್ನು ಉಲ್ಲಂಘಿಸಿದೆ ಎಂದು ಹೇಳಿದ್ದೂ ಇದೇ ವಿಧಿಯ ಮೇಲೆ. ಜೈಲಿನ ಆ ಕೋಣೆಯಲ್ಲಿ ಹುಡುಗ ಅಳುತ್ತಾ ಹೇಳಿದ್ದನ್ನು ಒಂದು ಮಾತೂ ಸೇರಿಸದೆ ಬರೆದುಕೊಳ್ಳಬೇಕು. ಊರಲ್ಲಿರೋ ಅವರಪ್ಪನಿಗೆ, ಅಲ್ಲಿನ ವಕೀಲರಿಗೆ, ದೆಹಲಿಗೆ, ಮೂವರಿಗೂ ಆಧಾರ ಅದೊಂದೇ.

ಈಗ ಕ್ಲಾಸಿನ ವಿಷಯ. ವಾಸ್ತವವಾದ, ಉದಾರವಾದ ಅಂತ ಸಿದ್ಧಾಂತಗಳಿಂದ ಶುರು ಮಾಡಿದರೆ ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಮರೆಯುತ್ತಾರೆ. ನಾನು ಈರುಳ್ಳಿಯಿಂದ ಶುರು ಮಾಡುತ್ತೇನೆ.

ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಗುಲಾಬಿ ಈರುಳ್ಳಿ ಬೆಳೆಯುತ್ತಾರೆ. ಸಣ್ಣದು, ಕಡುಗೆಂಪು, ಖಾರ ಜಾಸ್ತಿ. ಈ ಪ್ರದೇಶದ್ದೇ ಬೆಳೆ ಅಂತ ಗುರುತಿಸೋ ಜಿಐ ಮಾನ್ಯತೆಯೂ ಇದೆ. ಆದರೆ ನಮ್ಮ ಅಡುಗೆಮನೆಗಳಲ್ಲಿ ಇದರ ಬಳಕೆ ತೀರಾ ಕಡಿಮೆ. ಮಲೇಷ್ಯಾ, ಸಿಂಗಾಪುರ, ಶ್ರೀಲಂಕಾ ಕಡೆಯವರಿಗಾಗಿಯೇ ಬೆಳೆಯೋದು ಅಂದರೂ ತಪ್ಪಿಲ್ಲ. 2019ರ ಸೆಪ್ಟೆಂಬರ್ 29ರಂದು ಕೇಂದ್ರ ಸರ್ಕಾರ ಎಲ್ಲಾ ಬಗೆಯ ಈರುಳ್ಳಿ ರಫ್ತು ನಿಲ್ಲಿಸಿತು. ಒಂದು ವಾರದೊಳಗೆ ದೆಹಲಿಗೆ ಬಂದಿದ್ದ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ, ನನ್ನ ಅಡುಗೆಯವರಿಗೆ ಈರುಳ್ಳಿ ಹಾಕಬೇಡಿ ಅಂತ ಹೇಳಿಬಿಟ್ಟಿದ್ದೇನೆ ಎಂದು ವೇದಿಕೆ ಮೇಲೆ ನಗುತ್ತಲೇ ಹೇಳಿದರು. ಮುಂದಿನ ಸಲ ಮುಂಚೆಯೇ ತಿಳಿಸಿ ಎಂಬ ದೂರೂ ಅದರಲ್ಲಿತ್ತು.

ಇದನ್ನು ಇಟ್ಟುಕೊಂಡು ಕ್ಲಾಸಲ್ಲಿ ಗುಂಪು ಮಾಡುತ್ತೇನೆ. ದೆಹಲಿಯ ಗ್ರಾಹಕ ವ್ಯವಹಾರ ಇಲಾಖೆ, ವಾಣಿಜ್ಯ ಇಲಾಖೆ, ಢಾಕಾ, ಕೌಲಾಲಂಪುರದ ವ್ಯಾಪಾರಿ, ನಮ್ಮ ರೈತ. ನಿಯಮ ಒಂದೇ. ನಿಮ್ಮ ವಾದ ಹೇಳೋ ಮುಂಚೆ ಎದುರಿನವರ ವಾದವನ್ನು ಬರೆದು ಓದಬೇಕು, ಹೌದು, ನಾವು ಹೇಳಿದ್ದು ಇದೇ ಅಂತ ಅವರು ಒಪ್ಪಬೇಕು. ಒಪ್ಪೋ ತನಕ ನಿಮಗೆ ಮಾತಿಲ್ಲ.

ಚಿಂತಾಮಣಿ ಕಡೆಯ ಒಬ್ಬ ಹುಡುಗಿ ಇದ್ದಳು, ಮನೆಯಲ್ಲಿ ಈರುಳ್ಳಿ ಬೆಳೆಯುತ್ತಾರೆ. ಬೇಕಂತಲೇ ಅವಳಿಗೆ ಗ್ರಾಹಕ ಇಲಾಖೆ ಕೊಟ್ಟೆ. ರಫ್ತು ನಿಲ್ಲಿಸಿದ್ದು ಸರಿ ಅಂತ ಅವಳು ವಾದಿಸಬೇಕು. ಮೊದಲು ಮುಖ ಗಂಟು ಹಾಕಿಕೊಂಡಳು, ಆಮೇಲೆ ಕೂತು ಬರೆದಳು: ದಿನಗೂಲಿ ಮಾಡೋರ ಮನೆಯಲ್ಲಿ ಈರುಳ್ಳಿ ದರ ಎರಡು ಪಟ್ಟಾದರೆ ಏನಾಗುತ್ತೆ, ಮಹಾರಾಷ್ಟ್ರದಲ್ಲಿ ಮಳೆಗೆ ಬೆಳೆ ಹೋದರೆ ಎಷ್ಟು ಬೇಗ ದರ ಏರುತ್ತೆ, ಸರ್ಕಾರ ಯಾಕೆ ಕಾಯೋಕಾಗಲ್ಲ. ಚೆನ್ನಾಗಿ ಬರೆದಳು. ರೈತನ ಗುಂಪಿನ ಹುಡುಗ ಅದಕ್ಕೆ ಉತ್ತರ ಕೊಡೋಕೆ ಎದ್ದು, ಢಾಕಾ ಗುಂಪಿನ ಕಡೆ ತಿರುಗಿ, ಅಲ್ಲಾ ಸರ್, ನಾವೂ ಇವರೂ ಕೇಳ್ತಿರೋದು ಒಂದೇ ಅಲ್ವಾ ಅಂದ. ಕ್ಲಾಸ್ ಒಂದು ನಿಮಿಷ ಗದ್ದಲ. ಹೌದಲ್ಲ, ಜಗಳ ಭಾರತ ಮತ್ತು ಬಾಂಗ್ಲಾದೇಶದ ನಡುವೆ ಇಲ್ಲ. ರಫ್ತು ಬೇಕು ಅನ್ನೋದರಲ್ಲಿ ಚಿಂತಾಮಣಿ ರೈತ, ಢಾಕಾದ ಗೃಹಿಣಿ ಒಂದು ಕಡೆ. ದೆಹಲಿಯ ಗೃಹಿಣಿ ಇನ್ನೊಂದು ಕಡೆ. ದೇಶದ ಹಿತ ಅನ್ನೋದು ಒಂದೇ ಗಂಟು ಅಲ್ಲ, ಒಳಗೇ ಎಳೆದಾಟ ಇರುತ್ತೆ ಅಂತ ನಾನು ಎಷ್ಟು ಸಲ ಬೋರ್ಡ್ ಮೇಲೆ ಬರೆದಿದ್ದರೂ ಇಷ್ಟು ಚೆನ್ನಾಗಿ ನಾಟುತ್ತಿರಲಿಲ್ಲ.

ಆಮೇಲೆ ಆ ಹುಡುಗಿಯೇ ಕೇಳಿದಳು, ನಮ್ಮ ಗುಲಾಬಿ ಈರುಳ್ಳಿ ದೆಹಲಿಯವರು ತಿನ್ನೋದೇ ಇಲ್ಲ, ಅದನ್ನ ನಿಲ್ಲಿಸಿದರೆ ಅವರಿಗೆ ಏನು ಲಾಭ? ನಿಜವಾಗಿ ನಡೆದದ್ದೂ ಹಾಗೇ. ಇದೇ ಮಾತನ್ನು ಕರ್ನಾಟಕದವರು ಕೇಂದ್ರದ ಮುಂದೆ ಇಟ್ಟರು, ಅಕ್ಟೋಬರ್ ಕೊನೆಗೆ 9,000 ಟನ್ ಮಿತಿ ಹಾಕಿ ಗುಲಾಬಿ ಈರುಳ್ಳಿಗೆ ಮಾತ್ರ ಅನುಮತಿ ಸಿಕ್ಕಿತು. ಎದುರಿನವರ ವಾದ ಪೂರ್ತಿ ಬರೆದವಳಿಗೇ ಅದರಲ್ಲಿ ಸಂದು ಎಲ್ಲಿದೆ ಅಂತ ಕಂಡಿದ್ದು.

ಜಿಲ್ಲೆಯಲ್ಲಿ ಪಾಠಕ್ಕೆ ಇನ್ನೂ ಬೇಕಾದಷ್ಟಿದೆ. ನಂದಿ ಬೆಟ್ಟ ಅಂದರೆ ಹುಡುಗರಿಗೆ ಸೂರ್ಯೋದಯ, ಭಾನುವಾರದ ಟ್ರಾಫಿಕ್. 1986ರ ನವೆಂಬರ್‌ನಲ್ಲಿ ಬೆಂಗಳೂರಲ್ಲಿ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್‌ನ ಶೃಂಗಸಭೆ ಆದಾಗ ಏಳು ದೇಶಗಳ ನಾಯಕರು ಇದೇ ಬೆಟ್ಟಕ್ಕೆ ಬಂದಿದ್ದರು. ಕಠ್ಮಂಡುವಿನಲ್ಲಿ ಸಾರ್ಕ್ ಕಚೇರಿ ತೆರೆಯೋ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಆ ಸಭೆಯಲ್ಲಿ. ಹತ್ತೇ ವಿಧಿಗಳ ಸಾರ್ಕ್ ಸನ್ನದನ್ನು ಕ್ಲಾಸಲ್ಲಿ ಓದಿಸುತ್ತೇನೆ. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ, ಇಬ್ಬರ ನಡುವಿನ ಜಗಳ ಚರ್ಚೆಗೆ ಬರಲ್ಲ ಅಂತ ಕೊನೆಯ ವಿಧಿಯಲ್ಲಿದೆ. 2014ರ ನಂತರ ಶೃಂಗಸಭೆ ಯಾಕೆ ಆಗಿಲ್ಲ ಅನ್ನೋ ಚರ್ಚೆ ಅಲ್ಲಿಂದ ಶುರುವಾಗುತ್ತೆ. ಗೌರಿಬಿದನೂರಿನ ಭೂಕಂಪ ಮಾಪನ ಕೇಂದ್ರವೂ ಹಾಗೇ. 1965ರಲ್ಲಿ ಬ್ರಿಟನ್ ಸಹಕಾರದಿಂದ ಶುರುವಾಗಿದ್ದು, ದೂರದ ದೇಶದಲ್ಲಿ ನೆಲದಡಿ ಅಣು ಪರೀಕ್ಷೆ ನಡೆದರೂ ಪತ್ತೆ ಹಚ್ಚೋಕೆ. ಅಣು ಪರೀಕ್ಷೆ ನಿಷೇಧದ 1996ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಒಂದು ವಾರದ ಪಾಠ.

ಈ ಕೆಲಸಕ್ಕೆ ಬರಬೇಕು ಅನ್ನೋರು ಸುಮ್ನೆ ಟಿವಿ ಚರ್ಚೆ ನೋಡುತ್ತಾ ಕೂರಬೇಡಿ. ವಿದೇಶಾಂಗ ಸಚಿವಾಲಯದ ವೆಬ್‌ಸೈಟಿನಲ್ಲಿ ಜಂಟಿ ಹೇಳಿಕೆಗಳು, ಅಂದರೆ ಮಾತುಕತೆ ಆದ ಮೇಲೆ ಎರಡೂ ದೇಶ ಒಪ್ಪಿ ಹೊರಡಿಸೋ ಹೇಳಿಕೆಗಳು, ಪೂರ್ತಿ ಸಿಗುತ್ತವೆ. ಒಂದೇ ದೇಶದ ಜೊತೆಗಿನ ಎರಡು ಬೇರೆ ಬೇರೆ ವರ್ಷದ ಹೇಳಿಕೆ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಯಾವ ಸಾಲು ಹೋಗಿದೆ, ಯಾವುದು ಹೊಸದಾಗಿ ಸೇರಿದೆ ಅಂತ ಗುರುತು ಹಾಕಿ. ಬದಲಾವಣೆ ಯಾರು ಕೇಳಿರಬಹುದು, ಬದಲಿಗೆ ಇನ್ನೊಬ್ಬರಿಗೆ ಏನು ಸಿಕ್ಕಿರಬಹುದು ಅಂತ ಒಂದು ಪುಟ ಬರೆಯಿರಿ. ಮೊದಲು ಅವರದು, ಆಮೇಲೆ ನಮ್ಮದು, ನಿಮ್ಮ ಅಭಿಪ್ರಾಯ ಬೇರೆ ಪ್ಯಾರಾದಲ್ಲಿ.