ಕೆಂಚನ ಸಕ್ಕರೆ ಲೆಕ್ಕ

ನಮಗೆ ಮೊದಲು ಅನುಮಾನ ಬಂದಿದ್ದು ಇರುವೆಯಿಂದ. ನಮ್ಮ ಬೆಕ್ಕು ಕೆಂಚ ಹಿತ್ತಿಲ ಬೂದಿ ಗುಡ್ಡೆಯಲ್ಲಿ ಉಚ್ಚೆ ಹೊಯ್ದು ಬಂದರೆ ಸಾಕು, ಅಲ್ಲಿಗೆ ಇರುವೆ ಸಾಲು ಹಿಡಿಯುತ್ತಿತ್ತು. "ನೋಡೇ, ಇದಕ್ಕೂ ನಿನ್ನಪ್ಪಯ್ಯನ ಕಾಯಿಲೆನೇ ಬಂದಿರಬೇಕು" ಅಂದರು ಅಮ್ಮ. ಗಬಗಬ ತಿಂದರೂ ಅವನ ಬೆನ್ನೆಲುಬು ಕೈಗೆ ಸಿಗುತ್ತಿತ್ತು, ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗಿಸಿಕೊಂಡು ನಡೆಯುತ್ತಿದ್ದ. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದೆವು. ಸಕ್ಕರೆ ಕಾಯಿಲೆಯೇ. 12 ಗಂಟೆಗೊಮ್ಮೆ ಇನ್ಸುಲಿನ್.

ಬೆಕ್ಕಿಗೆ ಹೆದರಿಕೆ ಆದರೂ ಸಕ್ಕರೆ ಏರುತ್ತದೆ. ಬುಟ್ಟಿಯಲ್ಲಿ ಕೂತು, ಅಷ್ಟು ದೂರ ಬಸ್ಸಿನಲ್ಲಿ ಕಿರುಚಿಕೊಂಡು ಬಂದವನ ರಕ್ತ ನೋಡಿದರೆ ಸರಿಯಾದ ಲೆಕ್ಕ ಸಿಗಲ್ಲ ಅಲ್ವಾ? ಅದಕ್ಕೇ ಮನೆಯಲ್ಲೇ ನೋಡಲು ಕಲಿತೆ.

ಕಿವಿಯ ಅಂಚಿನಲ್ಲಿ ಸಣ್ಣ ನರ ಕಾಣುತ್ತದೆ, ಅದಕ್ಕೂ ಅಂಚಿಗೂ ನಡುವೆ ಚುಚ್ಚಬೇಕು. ಮೊದಲ ವಾರ ಆಷಾಢದ ಮಳೆ, ಕಿವಿ ತಣ್ಣಗೆ. ನಾಲ್ಕು ಸಲ ಚುಚ್ಚಿದರೂ ರಕ್ತ ಬರಲಿಲ್ಲ, ನನಗೇ ಅಳು ಬಂತು. ಆಮೇಲೆ ಅಕ್ಕಿ ಬೆಚ್ಚಗೆ ಮಾಡಿ ಕಾಲುಚೀಲಕ್ಕೆ ತುಂಬಿ, ನನ್ನ ಕೆನ್ನೆಗೆ ಒತ್ತಿ ಬಿಸಿ ಹಿತವಾಗಿದೆಯಾ ನೋಡಿ, ಅವನ ಕಿವಿಗೆ ಒಂದು ನಿಮಿಷ ಹಿಡಿದೆ. ಕಿವಿಯ ಹಿಂದೆ ಹತ್ತಿ ಇಟ್ಟು ಚುಚ್ಚಿದರೆ ಸಾಸಿವೆ ಕಾಳಿನಷ್ಟು ರಕ್ತ. ಅಷ್ಟು ಸಾಕು. ಆಮೇಲೆ ಬೇಯಿಸಿದ ಕೋಳಿಯ ಒಂದು ಚೂರು. ಈಗ ಮೀಟರ್ ಡಬ್ಬಿ ತೆಗೆದರೆ ತಾನೇ ಬಂದು ಮಡಿಲಲ್ಲಿ ಕೂರುತ್ತಾನೆ. ಮೀಟರ್ ಅಪ್ಪಯ್ಯನದೇ. ಮನುಷ್ಯರ ಮೀಟರ್ ಬೆಕ್ಕಿಗೆ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ, ಹಾಗಾಗಿ ಯಾವ ಮೀಟರ್ ಅಂತ ಡಾಕ್ಟರಿಗೆ ಹೇಳಿಬಿಡಿ, ಆಗಾಗ ಬದಲಾಯಿಸಬೇಡಿ.

ನೀರನ್ನೂ ಅಳೆದು ಇಡುತ್ತೇನೆ. ಆಗ 4 ಕೆಜಿ ಇದ್ದವನು ದಿನಕ್ಕೆ 450 ಮಿಲಿ ಕುಡಿಯುತ್ತಿದ್ದ. ಕೆಜಿಗೆ 100 ಮಿಲಿ ದಾಟಿದರೆ ಜಾಸ್ತಿ ಅಂತಲೇ ಲೆಕ್ಕ. ವಾರಕ್ಕೊಮ್ಮೆ ಅವನನ್ನು ಎತ್ತಿಕೊಂಡು ತೂಕ ನೋಡಿ ನನ್ನ ತೂಕ ಕಳೆಯುತ್ತೇನೆ.

ಸಿರಿಂಜ್ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. 40ರದ್ದು, 100ರದ್ದು (ಒಂದು ಮಿಲಿ ಇನ್ಸುಲಿನ್‌ನಲ್ಲಿ ಎಷ್ಟು ಯೂನಿಟ್ ಅನ್ನುವ ಲೆಕ್ಕ) ಎರಡೂ ಅಂಗಡಿಯಲ್ಲಿ ಸಿಗುತ್ತವೆ, ಇನ್ಸುಲಿನ್ ಬಾಟಲಿ ಮೇಲಿರುವ ಸಂಖ್ಯೆಯದ್ದೇ ತರಬೇಕು. ಮಳೆಗೆ ಮೂರು ದಿನ ಕರೆಂಟ್ ಹೋದಾಗ ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಕೆಡುತ್ತದೇನೋ ಅಂತ ಗಾಬರಿಯಾಗಿತ್ತು. ಆದರೆ ನಾವು ಹಾಕುವ ಗ್ಲಾರ್ಜಿನ್ ಅನ್ನುವ ಇನ್ಸುಲಿನ್ ತೆರೆದ ಮೇಲೂ 30 ಡಿಗ್ರಿ ಒಳಗೆ 28 ದಿನ ಇರುತ್ತದೆ, ಮಳೆಗಾಲದಲ್ಲಿ ನಮ್ಮನೆ ಅದಕ್ಕಿಂತ ತಣ್ಣಗೇ.

ಒಂದು ಬೆಳಿಗ್ಗೆ ಮೀಟರಿನಲ್ಲಿ ಸಕ್ಕರೆ 58 ಬಂತು, ತೀರಾ ಕಡಿಮೆ. ಊಟ ಮೂಸಿಯೂ ನೋಡಲಿಲ್ಲ, ತೂರಾಡಿ ಗೋಡೆಗೆ ಒರಗಿದ. ಇಂಜೆಕ್ಷನ್ ಕೊಡಲಿಲ್ಲ. ತುಡುವೆ ಜೇನನ್ನು ಬೆರಳಲ್ಲಿ ಒಸಡಿಗೆ ಸವರಿ, 15 ನಿಮಿಷಕ್ಕೊಮ್ಮೆ ನೋಡಿದೆ: 71, 96. ಆಮೇಲೆ ತಿಂದ. ಡಾಕ್ಟರಿಗೆ ಫೋನ್ ಮಾಡಿ ನೋಟ್‌ಬುಕ್ ಓದಿ ಹೇಳುವಾಗ ನನಗೇ ಗೊತ್ತಾಯಿತು, ಒಂದು ವಾರದಿಂದ ಬೆಳಗಿನ ಅಂಕಿ ಇಳಿಯುತ್ತಲೇ ಇತ್ತು. ದಿನಾ ಬರೆದು ಸುಮ್ನೆ ಮುಚ್ಚಿಡುತ್ತಿದ್ದೆ. ಅವರು 2 ಯೂನಿಟ್ಟನ್ನು 1ಕ್ಕೆ ಇಳಿಸಿದರು.

ಈಗ ಪ್ರತಿ ಭಾನುವಾರ ಏಳು ದಿನದ ಅಂಕಿಯನ್ನೂ ಅಮ್ಮನಿಗೆ ಜೋರಾಗಿ ಓದಿ ಹೇಳುತ್ತೇನೆ.